ಊರು, ಕೇರಿ ಮತ್ತು ಗಡಿ: ಬೆಂಗಳೂರಿನ ಪ್ರತಿಭಟನೆಯ ಸಾಹಿತ್ಯವನ್ನು ಕುರಿತು

ಕನ್ನಡದಲ್ಲಿ ಪ್ರತಿಭಟನೆಯ ಸಾಹಿತ್ಯಕ್ಕೆ ದೀರ್ಘವಾದ ವಂಶಾವಳಿ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವು ಒಂದು ಪಟ್ಟಣವನ್ನೇ ಅಲುಗಾಡಿಸಿತೆಂಬ ಕಥೆಯನ್ನು ನಮ್ಮ ಸಭೆಗಳಲ್ಲಿ ಪ್ರತಿವರ್ಷ ಬಸವ ಜಯಂತಿಯಂದು ಕೇಳುತ್ತೇವೆ, ಹೇಳುತ್ತೇವೆ. ಆದರೆ ನಮ್ಮ ಕಾಲದಲ್ಲಿಯೇ, 1973ರಿಂದ ಈಚೆಗೆ, ಬೆಂಗಳೂರಿನ ಬೀದಿ, ಮೈದಾನ, ವಿದ್ಯಾರ್ಥಿನಿಲಯಗಳಲ್ಲಿ ಹುಟ್ಟಿದ ಇನ್ನೊಂದು ಪ್ರತಿಭಟನೆಯ ಪರಂಪರೆಯನ್ನು ಕುರಿತು ನಮ್ಮ ಗಡಿಭಾಗದ ವೇದಿಕೆಗಳಲ್ಲಿ ಮಾತು ಕಡಿಮೆ. ಈ ಲೇಖನದಲ್ಲಿ ಆ ಪರಂಪರೆಯನ್ನು ಸಿದ್ಧಲಿಂಗಯ್ಯನವರ 'ಊರುಕೇರಿ' ಹಾಗೂ 'ಹೊಲೆಮಾದಿಗರ ಹಾಡು', ದೇವನೂರ ಮಹಾದೇವರ 'ಒಡಲಾಳ' ಎಂಬ ಮೂರು ಕೃತಿಗಳ ಮೂಲಕ ಅವಲೋಕಿಸುತ್ತೇವೆ. ಆದೋನಿ, ಆಲೂರು ಸೀಮೆಯಲ್ಲಿ ಕುಳಿತು ಕನ್ನಡವನ್ನು ಕಾಯುವ ನಮಗೆ ಈ ಸಾಹಿತ್ಯ ಏನನ್ನು ಹೇಳುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಮೊದಲಿಗೆ ವರ್ಣಭೇದ ಮತ್ತು ಜಾತಿಭೇದಗಳ ಸಂಬಂಧವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಅಮೆರಿಕದ ಕರಿಯರ ಹೋರಾಟವನ್ನು ನಾವು ದೂರದ ಸಂಗತಿಯೆಂದು ಭಾವಿಸುವುದುಂಟು. ಆದರೆ ಆಫ್ರಿಕಾ ಮೂಲದ ಒಬ್ಬ ವ್ಯಕ್ತಿ ನಮ್ಮ ಊರಿನ ಚರಿತ್ರೆಯಲ್ಲಿಯೇ ಇದ್ದಾನೆ. ಆದಿಲಶಾಹಿಯ ಕಡೆಗಾಲದಲ್ಲಿ ಆದೋನಿಯನ್ನು ಆಳಿದ ಸಿದ್ದಿ ಮಸೂದ್ ಖಾನನು ಹಬಶಿ ವಂಶದವನು. ಇಲ್ಲಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟ ನವಾಬನೆಂದು ಮಠದ ಸಂಪ್ರದಾಯ ನೆನೆಯುವುದೂ ಇವನನ್ನೇ. ಅಂದಮೇಲೆ ಮೈಬಣ್ಣವು ಈ ನೆಲದಲ್ಲಿ ಅಧಿಕಾರಕ್ಕೆ ಅಡ್ಡಿಯಾಗಲಿಲ್ಲ. ಅದೇ ಕಾಲದಲ್ಲಿ, ಅದೇ ಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ, ಊರಿನವರಂತೆಯೇ ಬಣ್ಣವಿದ್ದು ಊರಿನ ಮಾತನ್ನೇ ಆಡುವ ಜನರಿಗೆ ಊರಬಾವಿ ದೂರವಾಗಿತ್ತು. ನಮ್ಮಲ್ಲಿ ಮನುಷ್ಯನನ್ನು ತಡೆದದ್ದು ಹುಟ್ಟು ಮತ್ತು ಹುಟ್ಟಿದ ಕೇರಿ. ಅಮೆರಿಕದಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಕೇರಿ ಮಾಡಿತು.

ಈ ಸಾದೃಶ್ಯವನ್ನು ಹೋರಾಟಗಾರರು ಬಹಳ ಹಿಂದೆಯೇ ಗುರುತಿಸಿದ್ದರು. ಡಾ. ಅಂಬೇಡ್ಕರರು 1946ರಲ್ಲಿ ಅಮೆರಿಕದ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಪ್ರಸ್ತಾಪಿಸಿದರು. 1966ರಲ್ಲಿ ಓಕ್‌ಲೆಂಡ್ ನಗರದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. 1972ರಲ್ಲಿ ಮುಂಬಯಿಯ ಮರಾಠಿ ಕವಿಗಳೂ ಯುವಕರೂ ಆ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ ಕಟ್ಟಿದರು. ಇದರ ಮರುವರ್ಷವೇ ಕರ್ನಾಟಕದ ಸರದಿ ಬಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕನ್ನಡದ ಈ ಚಳವಳಿಗೆ ಕಿಡಿ ಹತ್ತಿಸಿದ್ದು ಸಾಹಿತ್ಯವನ್ನು ಕುರಿತ ಒಂದು ಮಾತು.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಮಲವನ್ನು ತಲೆಯ ಮೇಲೆ ಹೊರುವ ಅನಿಷ್ಟ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಮುಂದಾದ ಮಂತ್ರಿ ಅವರು. ಮಾತು ಪತ್ರಿಕೆಗಳಿಗೆ ಬಂದೊಡನೆ ಕನ್ನಡದ ಹೆಸರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಬೂಸಾ ಪ್ರಕರಣವೆಂದೇ ಇದು ಪ್ರಸಿದ್ಧ.

ಹತ್ತಿ ಗಿರಣಿಗಳ ಊರಿನವರಾದ ನಮಗೆ ಬೂಸಾಕ್ಕೂ ಹಿಂಡಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಬೂಸಾ ಹೊಟ್ಟೆ ತುಂಬಿಸುತ್ತದೆ, ಆದರೆ ದುಡಿಯುವ ಎತ್ತಿಗೆ ಕಸುವು ಬರಬೇಕಾದರೆ ಹಿಂಡಿ ಬೇಕು. ಬಸವಲಿಂಗಪ್ಪನವರ ಮಾತು ಪಂಪನನ್ನೂ ಕುಮಾರವ್ಯಾಸನನ್ನೂ ಅವಮಾನಿಸಿತೆಂದು ಅಂದು ಹಲವರು ನೊಂದುಕೊಂಡರು. ಆ ನೋವು ಅರ್ಥವಾಗುವಂಥದೇ. ಸಾವಿರ ವರ್ಷದ ಕಾವ್ಯರಾಶಿಯನ್ನು ಒಂದೇ ಪದದಲ್ಲಿ ತೂಗುವುದು ವಿಮರ್ಶೆಯಾಗಲಾರದು. ಆದರೂ ಆ ಮಾತಿನೊಳಗೆ ಒಂದು ನ್ಯಾಯವಾದ ಪ್ರಶ್ನೆ ಇತ್ತು: ಈ ನೆಲವನ್ನು ಉತ್ತವರು, ಚರ್ಮ ಹದ ಮಾಡಿದವರು, ಬೀದಿ ಗುಡಿಸಿದವರು ಈ ಸಾಹಿತ್ಯದಲ್ಲಿ ಎಲ್ಲಿದ್ದಾರೆ? ಅವರ ದುಡಿಮೆಗೆ, ಅವರ ಮನಸ್ಸಿಗೆ ಇದರಿಂದ ದೊರೆತ ಕಸುವು ಎಷ್ಟು? ಕಲ್ಲೆಸೆತದಿಂದ ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಮುಂದಿನ ದಶಕದಲ್ಲಿ ಬಂದ ಕೃತಿಗಳೇ ಅದಕ್ಕೆ ಉತ್ತರಗಳಾದವು. ಬೂಸಾ ಎಂಬ ಮಾತನ್ನು ಸುಳ್ಳು ಮಾಡಿದವರು ಕನ್ನಡಕ್ಕಾಗಿ ಕೂಗಿದವರಲ್ಲ, ಅಂದು ಏಟು ತಿಂದ ಕೇರಿಯ ಮಕ್ಕಳು.

ಈ ಮಕ್ಕಳಿಗೆ ದನಿ ಬಂದದ್ದು ನಗರದಲ್ಲಿ. ಕಾರಣವನ್ನು 'ಊರುಕೇರಿ' ತಾನೇ ತೋರಿಸುತ್ತದೆ. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ಈ ಆತ್ಮಕಥೆಯ ಆರಂಭದಲ್ಲಿಯೇ ಒಂದು ಚಿತ್ರ ಬರುತ್ತದೆ. ಹೊಲದಲ್ಲಿ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರನ್ನು ಕಟ್ಟಿ ಉಳುತ್ತಿದ್ದಾರೆ. ಮಕ್ಕಳಿಗೆ ಅದೊಂದು ಮೋಜಿನ ನೋಟ. ನೊಗ ಹೊತ್ತವರಲ್ಲಿ ಒಬ್ಬನು ತನ್ನ ತಂದೆ ಎಂಬುದು ಬಾಲಕನಿಗೆ ಆಮೇಲೆ ತಿಳಿಯುತ್ತದೆ. ಲೇಖಕರು ಇದನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಕಣ್ಣೀರನ್ನು ಓದುಗರಿಂದ ಬೇಡುವುದಿಲ್ಲ, ಶಾಪವನ್ನೂ ಹಾಕುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಆಧುನಿಕ ಕನ್ನಡ ಗದ್ಯದ ಅತ್ಯಂತ ಕಠಿಣವಾದ ಪುಟಗಳಲ್ಲಿ ಇದೊಂದು.

ಆ ಹೊಲದಲ್ಲಿ ಪ್ರತಿಭಟನೆ ಸಾಧ್ಯವಿತ್ತೇ? ಇರಲಿಲ್ಲ. ಹೊಲ ಯಾರದೋ ಕೂಲಿಯೂ ಅವರದೇ, ಸಾಲವೂ ಅವರದೇ, ಪಂಚಾಯಿತಿಯೂ ಅವರದೇ. ಅಂಥಲ್ಲಿ ಬಾಯಿಬಿಟ್ಟವನಿಗೆ ಸಂಜೆಗೆ ಅನ್ನವಿಲ್ಲ. ಕುಟುಂಬವು ಬೆಂಗಳೂರಿನ ಶ್ರೀರಾಮಪುರದಂಥ ಶ್ರಮಿಕರ ಬಡಾವಣೆಗೆ ಬಂದ ಮೇಲೆ ಬಡತನ ಕಡಿಮೆಯಾಗಲಿಲ್ಲ, ಆದರೆ ನೊಗ ಹಿಡಿದ ಕೈ ಕಣ್ಮರೆಯಾಯಿತು. ಉಚಿತ ವಿದ್ಯಾರ್ಥಿನಿಲಯ ಸಿಕ್ಕಿತು. ಕನ್ನಡ ಕಲಿಸುವ ಮೇಷ್ಟ್ರುಗಳು ಸಿಕ್ಕರು, ಭಾಷಣ ಸ್ಪರ್ಧೆಗಳು ಸಿಕ್ಕವು, ವಿಚಾರವಾದಿಗಳ ಸಭೆಗಳು ಸಿಕ್ಕವು. ಓದಲು ಶಾಂತವಾದ ಸ್ಥಳ ಬೇಕಾದಾಗ ಸ್ಮಶಾನವೂ ಸಿಕ್ಕಿತು. ಗೋರಿಗಳ ನಡುವೆ ಕುಳಿತು ಓದಿದ, ಬರೆದ ಪ್ರಸಂಗಗಳನ್ನು ಅವರು ಹೇಳುವಾಗ ನಮಗೆ ನಗು ಬರುತ್ತದೆ. ನಗು ನಿಂತ ಮೇಲೆ, ಬದುಕಿದ್ದವರ ನಡುವೆ ಒಬ್ಬ ಬಡ ಹುಡುಗನಿಗೆ ಓದಲು ಜಾಗ ಇರಲಿಲ್ಲವಲ್ಲ ಎಂಬುದು ಹೊಳೆಯುತ್ತದೆ. ನಗರವು ಉದಾರವಾಗಿತ್ತೆಂದು ಇದರ ಅರ್ಥವಲ್ಲ. ಮೇಲ್ವಿಚಾರಣೆ ಮಾಡುವವನ ಕಣ್ಣಿಲ್ಲದ ನಾಲ್ಕು ಗಜ ಜಾಗ ಅಲ್ಲಿತ್ತು, ಅಷ್ಟೇ. ಪ್ರತಿಭಟನೆಗೆ ಅಷ್ಟು ಜಾಗ ಸಾಕಾಯಿತು.

'ಊರುಕೇರಿ'ಯ ಹಾಸ್ಯವನ್ನು ಕುರಿತು ವಿಮರ್ಶಕರಲ್ಲಿ ಎರಡು ಅಭಿಪ್ರಾಯಗಳಿವೆ. ಉರಿಯುವ ಹಾಡುಗಳನ್ನು ಬರೆದ ಕವಿ ಇಲ್ಲಿ ನಗಿಸುತ್ತಾ ತಣ್ಣಗಾದರೆಂಬುದು ಒಂದು. ಬಡವರ ನಗುವಿನಲ್ಲಿ ಸೋಲದ ಶಕ್ತಿಯಿದೆಯೆಂದು ಡಿ.ಆರ್. ನಾಗರಾಜರಂಥವರು ಕಂಡುಕೊಂಡದ್ದು ಇನ್ನೊಂದು. ನಾವು ಎರಡನೆಯದರ ಪಕ್ಷ. ಹಿಂಸಿಸಿದವನು ತನ್ನ ಬಲಿಪಶುವಿನಿಂದ ಎರಡನ್ನು ಮಾತ್ರ ನಿರೀಕ್ಷಿಸುತ್ತಾನೆ: ಅಳು ಅಥವಾ ಸಿಟ್ಟು. ಎರಡಕ್ಕೂ ಅವನಲ್ಲಿ ಮದ್ದುಂಟು. ಅಳುವವನಿಗೆ ಭಿಕ್ಷೆ, ಸಿಟ್ಟಾದವನಿಗೆ ದೊಣ್ಣೆ. ತನ್ನನ್ನು ನೋಡಿ ನಕ್ಕವನ ಮುಂದೆ ಅವನು ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾನೆ. ಆದರೆ ಮೊದಲ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವಂತೆಯೂ ಇಲ್ಲ. ಪುಸ್ತಕದ ಕೆಲವು ಭಾಗಗಳಲ್ಲಿ ಪ್ರಸಂಗಗಳು ಒಂದರ ಹಿಂದೊಂದು ಬಂದು, ಹೇಳುವ ಚಾತುರ್ಯವೇ ಮುಂದಾಗಿ, ಅದರ ಹಿಂದಿನ ಹಸಿವು ಮಸುಕಾಗುವುದುಂಟು. ಓದುಗನು ನಕ್ಕು ಪುಟ ತಿರುಗಿಸಿಬಿಡುವ ಅಪಾಯ ಅಲ್ಲಿದೆ.

1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಅಂಥ ಅಪಾಯಕ್ಕೆ ಎಡೆಗೊಡುವುದಿಲ್ಲ. ಜಾತಿಯ ಹೆಸರನ್ನು ಬೈಗುಳವಾಗಿ ಬಳಸುತ್ತಿದ್ದ ಸಮಾಜದ ಮುಂದೆ ಅದೇ ಹೆಸರನ್ನು ಪುಸ್ತಕದ ಮುಖಪುಟದ ಮೇಲೆ ಇಟ್ಟದ್ದೇ ಒಂದು ಘೋಷಣೆ. ಈ ಸಂಕಲನದ ಕವಿತೆಗಳನ್ನು ಕೋಣೆಯಲ್ಲಿ ಮೌನವಾಗಿ ಓದಿದರೆ ಕೆಲವು ತೆಳುವೆನಿಸುತ್ತವೆ, ಪುನರುಕ್ತಿ ಹೆಚ್ಚೆನಿಸುತ್ತದೆ. ನವ್ಯಕಾವ್ಯದ ಗರಡಿಯಲ್ಲಿ ಪಳಗಿದವರು ಆ ಕಾಲದಲ್ಲಿ ಇವನ್ನು ಕಾವ್ಯವೇ ಅಲ್ಲವೆಂದರೂ ಆಶ್ಚರ್ಯವಿಲ್ಲ. ಆದರೆ ಇವು ಕೋಣೆಗಾಗಿ ಹುಟ್ಟಿದವಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಮೆರವಣಿಗೆಗಳಲ್ಲಿ, ತಮಟೆಯ ಗತ್ತಿಗೆ ನೂರಾರು ಕಂಠಗಳು ಕೂಡಿ ಹಾಡಿದಾಗ ಪುನರುಕ್ತಿಯೇ ಪಲ್ಲವಿಯಾಗುತ್ತದೆ. ಓದು ಬಾರದವನಿಗೂ ಎರಡನೆಯ ಸಲಕ್ಕೆ ಬಾಯಿಪಾಠವಾಗುತ್ತದೆ. ನಮ್ಮ ಭಜನೆಪದ, ತತ್ತ್ವಪದಗಳ ಗುಣವೂ ಇದೇ ಅಲ್ಲವೇ? ಏಕತಾರಿ ಹಿಡಿದು ಹಾಡುವ ಪದವನ್ನು ಅಚ್ಚಿನಲ್ಲಿ ಓದಿ ತೀರ್ಪು ಕೊಡುವುದು ಹೇಗೆ ಅನ್ಯಾಯವೋ, ಈ ಹಾಡುಗಳನ್ನು ಮೆರವಣಿಗೆಯಿಂದ ಬೇರ್ಪಡಿಸಿ ಅಳೆಯುವುದೂ ಹಾಗೆಯೇ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಮೆರವಣಿಗೆ ಇಲ್ಲ, ಘೋಷಣೆ ಇಲ್ಲ. ನಂಜನಗೂಡು ಸೀಮೆಯ ಕನ್ನಡದಲ್ಲಿ ಒಂದು ದಲಿತ ಕುಟುಂಬದ ಒಂದೆರಡು ದಿನಗಳ ಬದುಕು ಇದೆ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಹುಡುಕುತ್ತಿದ್ದಾಳೆ. ಮಗ ರಾತ್ರಿ ಸಾಹುಕಾರನ ಕಡೆಯಿಂದ ಕಡಲೆಕಾಯಿ ಮೂಟೆಯನ್ನು ತರುತ್ತಾನೆ. ಮನೆಯವರೆಲ್ಲ ಒಲೆಯ ಸುತ್ತ ಕುಳಿತು ರಾತ್ರಿಯಿಡೀ ತಿನ್ನುತ್ತಾರೆ. ಬೆಳಗಾದರೆ ಪೊಲೀಸರು ಹುಡುಕುತ್ತಾ ಬರುತ್ತಾರೆ. ಸೇಂಗಾ ಬೆಳೆಯುವ ನಾಡಿನವರಾದ ನಮಗೆ ಈ ಪ್ರಸಂಗ ಬೇರೆಯವರಿಗಿಂತ ಹತ್ತಿರ. ಸೇಂಗಾ ಬಿತ್ತಿದವರೂ ಕಿತ್ತವರೂ ಬಿಡಿಸಿದವರೂ ಯಾರು, ಮೂಟೆ ಯಾರ ಅಂಕಣದಲ್ಲಿ ಸೇರುತ್ತದೆ ಎಂಬುದನ್ನು ಪ್ರತಿ ಹಂಗಾಮಿನಲ್ಲಿ ನೋಡುತ್ತೇವೆ. ಕಾನೂನಿನ ಕಣ್ಣಿಗೆ ಅದು ಕಳವು. ಲೇಖಕರು ವಾದಿಸಲು ಹೋಗುವುದಿಲ್ಲ. ಹಸಿದ ಮಕ್ಕಳು ಸಿಪ್ಪೆ ಸುಲಿಯುವ ಸದ್ದನ್ನು ಕೇಳಿಸುತ್ತಾರೆ, ಆ ಮನೆಯಲ್ಲಿ ಅಪರೂಪಕ್ಕೆ ತುಂಬಿಕೊಂಡ ಸಂತೋಷವನ್ನು ತೋರಿಸುತ್ತಾರೆ. ಓದಿ ಮುಗಿಸಿದ ಮೇಲೆ ಕಳವು ಮಾಡಿದವರು ಯಾರೆಂಬ ಪ್ರಶ್ನೆ ತಾನಾಗಿಯೇ ಮಗುಚಿಕೊಳ್ಳುತ್ತದೆ. ಬೀದಿಯ ಹಾಡು ಮಾಡುವ ಕೆಲಸವನ್ನೇ ಈ ಕೃತಿ ಒಲೆಯ ಮುಂದೆ ಕುಳಿತು ಮಾಡುತ್ತದೆ. ಪ್ರತಿಭಟನೆಯ ಸಾಹಿತ್ಯವೆಂದರೆ ಬರಿಯ ಕೂಗು ಎಂದು ಭಾವಿಸಿದವರು ಮೊದಲು ಓದಬೇಕಾದದ್ದು 'ಒಡಲಾಳ'ವನ್ನು.

ಈ ಪರಂಪರೆಯ ಇನ್ನೊಂದು ಘಟ್ಟವು ಸಮ್ಮೇಳನಗಳನ್ನು ನಡೆಸುವ ನಮ್ಮಂಥ ಸಂಘಗಳಿಗೆ ನೇರವಾಗಿ ಸಂಬಂಧಿಸಿದ್ದು. 1979ರಲ್ಲಿ ಧರ್ಮಸ್ಥಳದಲ್ಲಿ 51ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ನಡೆಯಿತು. ಅದರಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಪ್ರತ್ಯೇಕ ಗೋಷ್ಠಿ ಬೇಕೆಂಬ ಕೋರಿಕೆ ಬಂದಾಗ ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ಜಾತಿಯ ವಿಂಗಡಣೆ ಸಲ್ಲದೆಂಬುದು ಅಂದಿನ ವಾದದ ತಿರುಳು. ಹೊರಗುಳಿದ ಲೇಖಕರು ಅದೇ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ನಡೆಸಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹೀಗೆ. ಒಂದು ಗೋಷ್ಠಿಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಅಷ್ಟನ್ನು ಕೊಡದೆ ಹೋದದ್ದರಿಂದ ಒಂದು ಸಾಹಿತ್ಯಯುಗವೇ ಬೇರೆ ಮನೆ ಹೂಡಿತು. ವಿಂಗಡಣೆ ಸಲ್ಲದೆಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಬಾವಿಯನ್ನೂ ಬೀದಿಯನ್ನೂ ವಿಂಗಡಿಸಿಟ್ಟ ಸಮಾಜವು ಗೋಷ್ಠಿಯ ಪಟ್ಟಿಯಲ್ಲಿ ಮಾತ್ರ ಅಭೇದವನ್ನು ಬೋಧಿಸಿದರೆ ಯಾರು ನಂಬುತ್ತಾರೆ?

ಈ ಚಳವಳಿಯ ಮೇಲೆ ಕನ್ನಡಾಭಿಮಾನಿಗಳು ಇಂದಿಗೂ ಹೊರಿಸುವ ಆರೋಪವೊಂದಿದೆ. ಇವರು ಕನ್ನಡವನ್ನು ನಿಂದಿಸಿದರು, ಇಂಗ್ಲಿಷಿನ ಕಡೆಗೆ ಮುಖ ಮಾಡಿದರು ಎಂಬುದು. ಇಂಗ್ಲಿಷ್ ಕಲಿತರೆ ಮಾತ್ರ ಬಿಡುಗಡೆಯೆಂದು ನಂಬಿದ ದಲಿತ ಚಿಂತಕರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ವಾದವನ್ನು, ಸ್ವಂತ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದವರು ತಳ್ಳಿಹಾಕುವಂತಿಲ್ಲ. ಆದರೆ ಚರಿತ್ರೆಯ ಇನ್ನೊಂದು ಪುಟವನ್ನೂ ನೋಡಬೇಕು. ಬೂಸಾ ಪ್ರಕರಣದ ಕಾಲದ ವಿದ್ಯಾರ್ಥಿ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ಮಾಡಿ ಕನ್ನಡದ ಪ್ರಾಧ್ಯಾಪಕರಾದರು, ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರೂ ಆದರು. 2014ರಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ಬಳಿಕ ಶ್ರವಣಬೆಳಗೊಳದ 81ನೆಯ ಸಮ್ಮೇಳನದ ಅಧ್ಯಕ್ಷತೆಗೆ ದೇವನೂರ ಮಹಾದೇವರನ್ನು ಆಹ್ವಾನಿಸಿದಾಗ, ಕನ್ನಡವು ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಗುವವರೆಗೂ ಆ ಪೀಠ ತಮಗೆ ಬೇಡವೆಂದು ಅವರು ನಿರಾಕರಿಸಿದರು. ಆ ಪೀಠವನ್ನು 2015ರಲ್ಲಿ ಅಲಂಕರಿಸಿದವರು ಸಿದ್ಧಲಿಂಗಯ್ಯನವರು, ಅಲ್ಲಿ ಕುಳಿತ ಮೊದಲ ದಲಿತ ಲೇಖಕರು. ಒಬ್ಬರ ನಿರಾಕರಣೆ, ಇನ್ನೊಬ್ಬರ ಸ್ವೀಕಾರ. ಎರಡೂ ಕನ್ನಡದ ಪರವಾದವೇ. ಕನ್ನಡದ ಶತ್ರುಗಳೆನಿಸಿಕೊಂಡಿದ್ದ ಪೀಳಿಗೆಯೇ ಕನ್ನಡ ಶಾಲೆಗಾಗಿ ಅತ್ಯುನ್ನತ ಗೌರವವನ್ನು ಬಿಟ್ಟುಕೊಡಬಲ್ಲ ಪೀಳಿಗೆಯಾಯಿತು ಎಂಬುದು ಈ ಇಡೀ ಕಥನದ ಸಾರವೆಂದು ನಾವು ತಿಳಿಯುತ್ತೇವೆ.

ಇನ್ನು ನಮ್ಮ ಸೀಮೆಯ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ನಮ್ಮ ಮನವಿಪತ್ರಗಳಲ್ಲಿ ಉಲ್ಲೇಖಿಸುತ್ತಲೇ ಬಂದಿದ್ದೇವೆ. ಅದೇ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಒಂದು ವಿಧಿಯನ್ನು ಗಟ್ಟಿಯಾಗಿ ಓದಿ ಇನ್ನೊಂದರ ಮುಂದೆ ದನಿ ತಗ್ಗಿಸುವುದು ನ್ಯಾಯವಲ್ಲ. ಅದು ಲಾಭದಾಯಕವೂ ಅಲ್ಲ. ಏಕೆಂದರೆ ಹೊಳಗುಂದ, ಹಾಲಹರವಿ, ಕೌತಾಳ, ಕೋಸಿಗಿ ಕಡೆಯ ಹಳ್ಳಿಗಳ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಇಂದು ಕುಳಿತಿರುವವರು ಯಾರು? ಅನುಕೂಲವುಳ್ಳ ಮನೆಗಳ ಮಕ್ಕಳು ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಉಳಿದವರು ಕೂಲಿಯವರ ಮಕ್ಕಳು, ಬಹುಪಾಲು ಕೇರಿಯ ಮಕ್ಕಳು. ಅವರು ಬಂದರೆ ತರಗತಿ ಇದೆ, ಅವರು ಬಾರದಿದ್ದರೆ ಇಲ್ಲ. ಗಡಿಯ ಕನ್ನಡದ ಭಾರವನ್ನು ಹೊತ್ತಿರುವವರು ಆ ಮಕ್ಕಳು.

ಅವರು ಬಾರದಿರಲು ಕಾರಣ ನಮಗೆಲ್ಲ ಗೊತ್ತು. ಮಳೆ ಕೈಕೊಟ್ಟ ವರ್ಷ ಮುಂಗಾರು ಬೆಳೆ ಮುಗಿಯುತ್ತಲೇ ಸಂಸಾರಗಳು ಮನೆಗೆ ಬೀಗ ಹಾಕಿ, ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆಗೆ ಸುಗ್ಗಿಗೆ ಹೋಗುತ್ತವೆ. ಸುಗ್ಗಿ ಎಂಬ ಪದ ಕನ್ನಡ ಕಾವ್ಯದಲ್ಲಿ ಸಮೃದ್ಧಿಯ ಹೆಸರು. ನಮ್ಮ ಸೀಮೆಯ ಬಡವರ ಬಾಯಲ್ಲಿ ಅದು ವಲಸೆಯ ಹೆಸರು. ಒಂದೇ ಪದದ ಈ ಎರಡು ಅರ್ಥಗಳ ನಡುವಿನ ಅಂತರವೇ ಬಸವಲಿಂಗಪ್ಪನವರು ಕೇಳಿದ ಪ್ರಶ್ನೆ. ಮಕ್ಕಳು ತಂದೆತಾಯಿಯರೊಂದಿಗೆ ಹೋದರೆ ತಿಂಗಳುಗಟ್ಟಲೆ ಹಾಜರಿ ಪುಸ್ತಕದಲ್ಲಿ ಗೈರು. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಹಲವರು ಮತ್ತೆ ಶಾಲೆಯ ಕಡೆ ಸುಳಿಯುವುದೇ ಇಲ್ಲ. ಬೆಂಗಳೂರಿನ ಒಬ್ಬ ಬಡ ಹುಡುಗನಿಗೆ ಉಚಿತ ವಿದ್ಯಾರ್ಥಿನಿಲಯ ಸಿಕ್ಕಿದ್ದರಿಂದ ಕನ್ನಡಕ್ಕೆ ಒಬ್ಬ ಕವಿ ಸಿಕ್ಕಿದನು. ನಮ್ಮ ಹಳ್ಳಿಗಳಿಂದ ಪ್ರತಿವರ್ಷ ಎಷ್ಟು ಕವಿಗಳು ಮೆಣಸಿನಕಾಯಿ ಹೊಲಕ್ಕೆ ಹೋಗುತ್ತಾರೋ ಲೆಕ್ಕ ಇಟ್ಟವರಿಲ್ಲ.

ತರಗತಿಯೊಳಗಿನ ಒಂದು ಮಾತನ್ನೂ ಶಿಕ್ಷಕ ಬಂಧುಗಳ ಮುಂದೆ ಇಡಬೇಕು. ನಮ್ಮ ಸೀಮೆಯ ಮಕ್ಕಳು ಮನೆಯಿಂದ ತರುವ ಕನ್ನಡದಲ್ಲಿ ಬಳ್ಳಾರಿಯ ಗತ್ತು ಇದೆ, ತೆಲುಗಿನ ಬೆರಕೆ ಇದೆ. ಪಠ್ಯಪುಸ್ತಕದ ಕನ್ನಡ ಅವರಿಗೆ ಅರ್ಧ ಪರಭಾಷೆ. ಅವರ ಮಾತನ್ನು ಅಶುದ್ಧವೆಂದು ತಿದ್ದಿದ ಕ್ಷಣದಲ್ಲಿ ಮಗು ಬಾಯಿ ಮುಚ್ಚುತ್ತದೆ. ದೇವನೂರರು ತಮ್ಮ ಕೇರಿಯ ಮಾತನ್ನು ತಿದ್ದದೆ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ದಿಲ್ಲಿಯ ಅಕಾಡೆಮಿ ಮನ್ನಿಸಿದ ಕೇರಿಯ ಕನ್ನಡವನ್ನು ನಮ್ಮ ತರಗತಿಗಳೂ ಮನ್ನಿಸಬಹುದು.

ಬೆಂಗಳೂರಿನ ಪರಂಪರೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಸಂಘಟನೆ ಮುಂದೆ ಹಲವು ಬಣಗಳಾಗಿ ಒಡೆಯಿತು. ವೇದಿಕೆಯ ಮೇಲೆ ಹೆಣ್ಣುಮಕ್ಕಳ ದನಿ ಬಹುಕಾಲ ಕ್ಷೀಣವಾಗಿತ್ತು. ಸಾಕವ್ವನ ಕಥೆಯನ್ನು ಗಂಡಸರೇ ಹೇಳಬೇಕಾಯಿತು. ನಗರದಲ್ಲಿ ಹುಟ್ಟಿದ ಹಾಡು ಹಳ್ಳಿಯ ಹೊಲಕ್ಕೆ ತಲುಪಿದಷ್ಟು ವೇಗವಾಗಿ ನ್ಯಾಯ ತಲುಪಲಿಲ್ಲ. ಆದರೂ ಒಂದು ಭಾಷೆ ತನ್ನನ್ನು ಪ್ರಶ್ನಿಸಿದವರಿಂದಲೇ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಂತೆ ಈಚಿನ ಕನ್ನಡದಲ್ಲಿ ಇನ್ನೊಂದಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ನಮ್ಮ ಕೇರಿಗಳ ಕನ್ನಡಕ್ಕೆ ಮೀಸಲಿಡಬೇಕು, ಅಲ್ಲಿ ಮಾತನಾಡುವವರು ಕೇರಿಯವರೇ ಆಗಿರಬೇಕು. ಸುಗ್ಗಿಗೆ ಹೋಗುವ ಹೆಂಗಸರು ಹಾಡುವ ಪದಗಳನ್ನು ಅವರ ಬಾಯಿಂದಲೇ ಕೇಳಿ ಬರೆದು, ಇಂಥದೇ ಸಂಚಿಕೆಯಲ್ಲಿ ಅವರ ಹೆಸರಿನೊಂದಿಗೆ ಅಚ್ಚು ಮಾಡಬೇಕು. ಸುಗ್ಗಿಯ ತಿಂಗಳುಗಳಲ್ಲಿ ಪ್ರತಿ ಸದಸ್ಯ ಕುಟುಂಬವೂ ತನ್ನ ಊರಿನ ಕನ್ನಡ ಶಾಲೆಯ ಹಾಜರಿಯನ್ನು ವಿಚಾರಿಸಿ, ಹಿಂದೆ ಉಳಿಯಬಲ್ಲ ಮಕ್ಕಳ ಊಟಕ್ಕೂ ವಸತಿಗೂ ಸರ್ಕಾರದ ವ್ಯವಸ್ಥೆಯನ್ನು ಕೇಳಿ ಪಡೆಯಬೇಕು. ಮನವಿಪತ್ರ ಬರೆಯುವುದರಲ್ಲಿ ಗಡಿನಾಡ ಕನ್ನಡಿಗರಿಗೆ ಎಪ್ಪತ್ತು ವರ್ಷಗಳ ಅನುಭವವಿದೆ. ಆ ಅನುಭವವನ್ನು ಈ ಮಕ್ಕಳ ಪರವಾಗಿ ಬಳಸಲು ಇದು ತಕ್ಕ ಸಮಯ.